ಚಹಾದಮ್ಮನ ಮೂಗಿಲ್ಲದ ಭಾವಚಿತ್ರ

ತೂಕ ಮತ್ತು ಅಳತೆ ಕಚೇರಿಯ ಮಹಡಿಯ ಗೋಡೆಗೆ ತೇವ ಹಿಡಿದಿತ್ತೆಂಬುದು ನಿರ್ವಿವಾದ. ಆ ವರ್ಷದ ಮಂಜೂರಾತಿಯಲ್ಲಿ ಸುಣ್ಣಬಣ್ಣಕ್ಕೆ ಅವಕಾಶವಿರಲಿಲ್ಲ, ಚೌಕಟ್ಟುಗಳಿಗೆ ಇತ್ತು. ಅಷ್ಟರಲ್ಲಿ ಮಂತ್ರಿಗಳು ಭೇಟಿ ಕೊಡುತ್ತಾರೆಂಬ ಸುದ್ದಿ ಬಂತು. ಸೇವೆಯಲ್ಲಿದ್ದಾಗಲೇ ತೀರಿಹೋದ ನೌಕರರನ್ನು ಕಚೇರಿ ಇಷ್ಟು ದಿನ ಮರೆತದ್ದು ಘೋರ ಅನ್ಯಾಯವೆಂದು ನಿರ್ದೇಶಕರಿಗೆ ಅದೇ ದಿನ ಮನವರಿಕೆಯಾಯಿತು. ಗೋಡೆಯ ತೇವದ ಕಲೆ ಎಷ್ಟು ಅಗಲವಿದೆಯೋ ಅಷ್ಟಗಲಕ್ಕೆ ಗೌರವ ಸಲ್ಲಿಸುವುದೆಂದು ತೀರ್ಮಾನಿಸಿ ಪ್ರಕಟಣೆ ಹೊರಡಿಸಿದರು:

"ಮೃತ ನೌಕರರ ಕುಟುಂಬದವರು ಸದರಿ ಮೃತರ ಭಾವಚಿತ್ರವನ್ನು ಸ್ವಂತ ಖರ್ಚಿನಲ್ಲಿ ಬರೆಸಿ ಒಪ್ಪಿಸತಕ್ಕದ್ದು. ಭಾವಚಿತ್ರವು ಮೃತರನ್ನು ಹೋಲತಕ್ಕದ್ದು. ಹೋಲಿಕೆಯನ್ನು ಸಮಿತಿಯು ಅಳೆದು ಪ್ರಮಾಣಪತ್ರ ನೀಡುವುದು. ಚೌಕಟ್ಟನ್ನು ಕಚೇರಿ ಸೂಚಿಸಿದ ಅಂಗಡಿಯಲ್ಲೇ ಹಾಕಿಸತಕ್ಕದ್ದು. ಸದರಿ ಅಂಗಡಿಯು ನಿರ್ದೇಶಕರ ಬಾಮೈದನದಾಗಿರುವುದು ಕೇವಲ ಕಾಕತಾಳೀಯವೆಂದು ಈ ಮೂಲಕ ತಿಳಿಯಪಡಿಸಲಾಗಿದೆ."

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಹೆಂಗಸಿಗೆ ಈ ಪ್ರಕಟಣೆ ಮುಟ್ಟಿದ್ದು ಅವಳು ಹಲ್ಲಿನ ಡಾಕ್ಟರೊಬ್ಬರ ಬೋರ್ಡಿನ ಮೇಲೆ ದೊಡ್ಡದೊಂದು ಹಲ್ಲು ಬರೆಯುತ್ತಿದ್ದಾಗ. ಅವಳ ಅಮ್ಮ ಆ ಕಚೇರಿಯಲ್ಲಿ ಚಹಾ ಕೊಡುತ್ತಿದ್ದವಳು. ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರೂ ಚಹಾದಮ್ಮ ಎನ್ನುತ್ತಿದ್ದರು. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದಳು. ಸಂತಾಪ ಸೂಚಿಸಿ ಒಂದು ನಿಮಿಷ ಮೌನ ಆಚರಿಸಿದ ಕಚೇರಿ, ಎರಡನೇ ನಿಮಿಷಕ್ಕೆ ಚಹಾ ಯಾಕೆ ಬಂದಿಲ್ಲವೆಂದು ವಿಚಾರಿಸಿತ್ತು.

ಮಗಳು ಅಂದು ಸಂಜೆಯೇ ಚಿತ್ರ ಬರೆಯಲು ಕೂತಳು. ಕೂತಾಗ ಅವಳಿಗೊಂದು ಸಂಗತಿ ತಿಳಿಯಿತು. ಅಮ್ಮನ ಮುಖ ಅವಳಿಗೆ ಸರಿಯಾಗಿ ನೆನಪಿಗೆ ಬರುತ್ತಿರಲಿಲ್ಲ. ದಿನವೂ ನೋಡಿದ ಮುಖ, ಹುಬ್ಬು ಹೀಗಿತ್ತು ಎಂದು ಗೆರೆ ಎಳೆಯಹೋದರೆ ಪಕ್ಕದ ಮನೆಯವಳ ಹುಬ್ಬು ಬಂದು ಕೂರುತ್ತಿತ್ತು. ಬಾಯಿ ಬರೆದರೆ ಯಾವುದೋ ಸೋಪಿನ ಬೋರ್ಡಿನ ನಗು. ಬರೆದಳು, ಒರೆಸಿದಳು. ನೆನಪಾಗುತ್ತಿದ್ದುದೇ ಬೇರೆ. ಬೆಳಕು ಹರಿಯುವ ಮೊದಲು ಅಮ್ಮ ಕೆಲಸಕ್ಕೆ ಹೊರಡುವಾಗ ಬಾಗಿಲು ತೆರೆಯುತ್ತಿದ್ದಳು; ಹಾಸಿಗೆಯಲ್ಲಿ ಅರ್ಧ ಕಣ್ಣು ಬಿಟ್ಟ ಮಗುವಿಗೆ ಬಾಗಿಲ ತುಂಬ ನೀಲಿ, ಆ ನೀಲಿಯ ನಡುವೆ ಕಪ್ಪಗೆ ಒಂದು ಆಕಾರ ಕಾಣುತ್ತಿತ್ತು. ಆಕಾರ ಒಂದು ಗಳಿಗೆ ನಿಂತು ತಿರುಗಿ ನೋಡುತ್ತಿತ್ತು. ಮುಖ ಕತ್ತಲಲ್ಲಿರುತ್ತಿತ್ತು. ನೋಡುತ್ತಿದೆ ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಅವಳು ಅದನ್ನೇ ಬರೆದಳು. ನೀಲಿ, ನೀಲಿಯೊಳಗೆ ಒಂದು ಕಪ್ಪು, ಕಪ್ಪಿನಿಂದ ಮೇಲಕ್ಕೆದ್ದ ಬೂದುಬಣ್ಣದ ಉಗಿ, ಕೆಳಗೆ ಲೋಟದ ತಳ ಬಿಟ್ಟುಹೋಗುವಂಥ ಒಂದು ಕಂದು ಬಳೆ. ಬರೆದು ಮುಗಿಸಿ ಕುಂಚ ಕೆಳಗಿಟ್ಟವಳು, ಅಮ್ಮ ಸತ್ತಾಗ ಅಳದಿದ್ದವಳು, ಅತ್ತಳು.

ಮರುದಿನ ಚಿಕ್ಕಮ್ಮ ಬಂದು ಚಿತ್ರವನ್ನು ಹತ್ತಿರದಿಂದ, ದೂರದಿಂದ, ಕಡೆಗೆ ತಲೆ ಓರೆ ಮಾಡಿ ನೋಡಿದಳು.

"ಅಕ್ಕನಿಗೆ ಮೂಗಿತ್ತು ಕಣೆ," ಎಂದಳು. "ಅಷ್ಟು ದೊಡ್ಡ ಮೂಗು ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ. ಅದನ್ನೇ ಬಿಟ್ಟಿದ್ದೀಯಲ್ಲ."

ಮೂಗು ನೆನಪಾಗಲಿಲ್ಲ ಚಿಕ್ಕಮ್ಮ, ಎಂದಳು ಮಗಳು. ಅಂಥ ಮೂಗನ್ನು ಮರೆಯೋದಕ್ಕೂ ಪುಣ್ಯ ಮಾಡಿರಬೇಕು ಎಂದು ಹೇಳಿ ಚಿಕ್ಕಮ್ಮ, ಯಾಕೋ ಏನೋ, ಸಂಜೆಯವರೆಗೆ ಆ ಚಿತ್ರದ ಮುಂದೆಯೇ ಕೂತು ಹುರುಳಿ ಆರಿಸಿದಳು.

ಹೋಲಿಕೆ ಸಮಿತಿಯಲ್ಲಿ ಇಬ್ಬರಿದ್ದರು. ಒಬ್ಬರು ಹಿರಿಯ ಗುಮಾಸ್ತರು. ನಿಯಮಾವಳಿ ಬಾಯಿಪಾಠವಾಗಿದ್ದರಿಂದ ಅವರಿಗೆ ಸ್ವಂತ ಅಭಿಪ್ರಾಯದ ಅಗತ್ಯ ಬಿದ್ದಿರಲಿಲ್ಲ. ಇನ್ನೊಬ್ಬರು ತಕ್ಕಡಿ ಇನ್ಸ್‌ಪೆಕ್ಟರು. ಸಂತೆಯಲ್ಲಿ ತಕ್ಕಡಿಗಳಿಗೆ ಮುದ್ರೆ ಒತ್ತಿ ಒತ್ತಿ ಯಾವ ವಸ್ತುವನ್ನು ಕಂಡರೂ ಮೊದಲು ಅನುಮಾನ ಪಡುವುದು ಅವರಿಗೆ ರೂಢಿಯಾಗಿತ್ತು. ಅಳತೆಯ ವಿಧಾನ ಸರಳ. ಮೃತರ ಗುರುತಿನ ಚೀಟಿಯ ಫೋಟೋ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಇನ್ಸ್‌ಪೆಕ್ಟರು ಹಿತ್ತಾಳೆ ಕಡ್ಡಿ ಹಿಡಿದು ಮೂಗಿನಿಂದ ಕಿವಿಗೆ, ಕಿವಿಯಿಂದ ಗಲ್ಲಕ್ಕೆ ಅಳೆಯುವರು, ಗುಮಾಸ್ತರು ಬರೆದುಕೊಳ್ಳುವರು. ಅದುವರೆಗೆ ಬಂದಿದ್ದ ಚಿತ್ರಗಳೆಲ್ಲ ಬಾಮೈದನ ಅಂಗಡಿಯಲ್ಲೇ ತಯಾರಾದವು. ಒಂದೇ ಕೋಟು, ಒಂದೇ ಎದೆ, ಒಂದೇ ಕುರ್ಚಿ, ತಲೆ ಮಾತ್ರ ಬೇರೆ ಬೇರೆ. ಹೆಂಗಸರ ಚಿತ್ರಗಳಿಗೂ ಅದೇ ಕೋಟು. ಎಲ್ಲವೂ ತೇರ್ಗಡೆಯಾಗಿದ್ದವು.

ಬೋರ್ಡಿನವಳು ತನ್ನ ಚಿತ್ರಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಇನ್ಸ್‌ಪೆಕ್ಟರು ಕಡ್ಡಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದು ನಿಂತರು. ಗುಮಾಸ್ತರು ಮೂಗಿಲ್ಲದ ಚಿತ್ರ ಅಂಗೀಕಾರಾರ್ಹವಲ್ಲವೆಂದು ಬರೆಯತೊಡಗಿದರು. ಅದಕ್ಕೆ ಆಧಾರವಾಗಿ ಫೋಟೋ ಲಗತ್ತಿಸಬೇಕಲ್ಲ, ಚಹಾದಮ್ಮನ ಗುರುತಿನ ಚೀಟಿ ತರಿಸಿದರು.

ಫೋಟೋದಲ್ಲಿಯೂ ಮೂಗಿರಲಿಲ್ಲ.

ಫೋಟೋ ತೆಗೆಯುವ ಕ್ಷಣದಲ್ಲಿ ಯಾರೋ ಚಹಾ ಎಂದು ಕೂಗಿರಬೇಕು, ಆಕೆ ತಿರುಗಿರಬೇಕು. ಚೀಟಿಯಲ್ಲಿದ್ದದ್ದು ಒಂದು ಕಪ್ಪು ಮಸುಕು, ಅದರಿಂದ ಪಕ್ಕಕ್ಕೆ ಎಳೆದ ಒಂದು ಬೂದು ಗೆರೆ. ಅದರ ಮೇಲೆ ಕಚೇರಿಯ ಮೊಹರು ಬಿದ್ದಿತ್ತು. ಅದನ್ನು ತೋರಿಸಿಯೇ ಆಕೆ ಸೇವೆಯುದ್ದಕ್ಕೂ ಗೇಟು ದಾಟಿದ್ದಳು, ಯಾರೂ ತಡೆದಿರಲಿಲ್ಲ.

ಗುಮಾಸ್ತರು ತಾವು ಬರೆದದ್ದನ್ನು ಹೊಡೆದುಹಾಕಿದರು. ಫೋಟೋದಲ್ಲಿ ಇಲ್ಲದ ಮೂಗು ಚಿತ್ರದಲ್ಲಿ ಇದ್ದಿದ್ದರೆ ಅದು ಅಕ್ರಮ ಸೇರ್ಪಡೆಯಾಗುತ್ತಿತ್ತೆಂದೂ, ಇಲ್ಲದಿರುವುದರಿಂದ ಹೋಲಿಕೆ ಸಂಪೂರ್ಣವೆಂದೂ ವಿವರಿಸಿದರು. ಇನ್ಸ್‌ಪೆಕ್ಟರ ಸಹಿ ಬಾಕಿಯಿತ್ತು. ಅವರು ಕಡ್ಡಿಯನ್ನು ಜೇಬಿಗಿಟ್ಟುಕೊಂಡು ಇನ್ನೂ ಚಿತ್ರವನ್ನೇ ನೋಡುತ್ತಿದ್ದರು.

"ನನ್ನ ಮೇಜಿನ ಮೇಲೆ ಯಾವಾಗಲೂ ಚಹಾ ಇರ್ತಿತ್ತು," ಎಂದರು ಮೆಲ್ಲಗೆ. "ಹೊಗೆ ಆಡ್ತಿರೋದು. ಯಾವಾಗ ತಂದಿಟ್ರು ಅಂತ ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ ನಾನು. ಇದು ಅವರೇ ಕಣಮ್ಮ."

ಆಮೇಲೆ, ಸಮಿತಿಯ ಸದಸ್ಯರು ಭಾವುಕರಾಗುವುದಕ್ಕೆ ಅವಕಾಶವಿದೆಯೇ ಎಂದು ಗುಮಾಸ್ತರನ್ನು ಕೇಳಿದರು. ಪೂರ್ವಾನುಮತಿ ಬೇಕು ಎಂದರು ಗುಮಾಸ್ತರು. ಇನ್ಸ್‌ಪೆಕ್ಟರು ಕಣ್ಣೊರೆಸಿಕೊಂಡು ಸಹಿ ಹಾಕಿದರು.

ಮಂತ್ರಿಗಳು ಬಂದರು. ಕೋಟು ಹಾಕಿದ ಮೃತರ ಸಾಲನ್ನು ಮಿಲಿಟರಿ ಪಡೆ ಪರಿಶೀಲಿಸುವವರಂತೆ ಸರಸರನೆ ದಾಟಿ ಬಂದು, ಮೂಲೆಯ ನೀಲಿ ಚಿತ್ರದ ಮುಂದೆ ಗಕ್ಕನೆ ನಿಂತುಬಿಟ್ಟರು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಮಂತ್ರಿಗಳಿಗೆ ಏನು ನೆನಪಾಯಿತೋ ಯಾರಿಗೂ ತಿಳಿಯದು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಇವರು ಬಹಳ ದೊಡ್ಡ ಅಧಿಕಾರಿಗಳಾಗಿದ್ದಿರಬೇಕು ಎಂದರು. ಮಂತ್ರಿಗಳ ಮಾತಿಗೆ ಇಲ್ಲವೆನ್ನುವ ನಿಯಮ ಇಲ್ಲದ್ದರಿಂದ ನಿರ್ದೇಶಕರು ಹೌದೆಂದರು.

ವಾರ ಕಳೆಯುವುದರೊಳಗೆ ಹೊಸ ಆದೇಶ ಹೊರಬಿತ್ತು. ಇನ್ನು ಮುಂದೆ ಎಲ್ಲ ಭಾವಚಿತ್ರಗಳೂ ಅಮೂರ್ತವಾಗಿರತಕ್ಕದ್ದು. ಇರುವ ಮೂಗುಗಳನ್ನು ಹಂತಹಂತವಾಗಿ ತೆಗೆಯತಕ್ಕದ್ದು. ಗುತ್ತಿಗೆ ಬಾಮೈದನಿಗೇ ಸಿಕ್ಕಿತು; ನೆನಪಿಗೆ ಚದರಡಿ ಲೆಕ್ಕದಲ್ಲಿ ಒಂದು ದರ, ಹಳೆಯ ನೆನಪಿಗೆ ಅದರ ಒಂದೂವರೆ ಪಟ್ಟು. ಅವನು ಒಬ್ಬ ಗಾರೆಯವನನ್ನು ಕರೆಸಿ ಕೋಟುಗಳ ಮೇಲೆಲ್ಲ ಒದ್ದೆ ಬಟ್ಟೆ ಎಳೆಸಿದ. ಬದುಕಿದ್ದ ನಿರ್ದೇಶಕರೂ ತಮ್ಮದೊಂದು ಅಮೂರ್ತ ಚಿತ್ರ ಬರೆಸಿಕೊಂಡರು. ಮುಂದೆ ಜನ ತಮ್ಮನ್ನು ನೆನೆಯುವಾಗ ತೊಂದರೆಯಾಗಬಾರದೆಂಬ ಕಾಳಜಿ. ಅವರ ಹೆಂಡತಿ ಅದನ್ನು ನೋಡಿ, ಮದುವೆಯಾದ ಮೇಲೆ ಇಷ್ಟು ಚೆನ್ನಾಗಿ ನೀವು ಯಾವತ್ತೂ ಕಂಡಿರಲಿಲ್ಲ ಎಂದರಂತೆ.

ಇಲ್ಲಿಯವರೆಗೆ ಬೋರ್ಡಿನವಳಿಗೆ ಯಾವ ತೊಂದರೆಯೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಆಗಾಗ ಬಂದು ಅಮ್ಮನ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ತೊಂದರೆ ಹುಟ್ಟಿದ್ದು ಬಣ್ಣ ಸಂಹಿತೆಯಿಂದ. ಯಾರ ಚಿತ್ರ ಯಾರದೆಂದು ತಿಳಿಯದೆ, ದೊಡ್ಡವರಿಗೆ ಮಾಡಬೇಕಾದ ನಮಸ್ಕಾರವನ್ನು ಜನ ಸಣ್ಣವರಿಗೆ ಮಾಡುತ್ತಿದ್ದರು. ಹಾಗಾಗಿ ನೀಲಿ ಮೊದಲ ದರ್ಜೆಯವರಿಗೆ, ಹಸಿರು ಎರಡನೆಯವರಿಗೆ, ಹಳದಿ ಮೂರನೆಯವರಿಗೆ, ಕಂದು ಮತ್ತು ಬೂದು ನಾಲ್ಕನೆಯವರಿಗೆ ಎಂದು ಗೊತ್ತುಮಾಡಲಾಯಿತು. ಚಹಾದಮ್ಮ ನಾಲ್ಕನೇ ದರ್ಜೆ. ಅನರ್ಹ ನೀಲಿಯನ್ನು ಕಂದು ಬಣ್ಣದಿಂದ ಮುಚ್ಚಬೇಕು, ತಪ್ಪಿದರೆ ಚಿತ್ರವನ್ನು ಗುಜರಿಗೆ ಹಾಕಲಾಗುವುದೆಂದು ಮಗಳಿಗೆ ನೋಟೀಸು ಹೋಯಿತು.

ಚಿಕ್ಕಮ್ಮ ನೋಟೀಸನ್ನು ಓದಿಸಿಕೊಂಡು, ನಾಲ್ಕನೇ ದರ್ಜೆಯವರ ಮನೆ ಮೇಲೆ ಆಕಾಶ ಇರಲ್ವಂತಾ ಎಂದು ಕೇಳಿದಳು. ಬಳಿಯಬೇಡ ಎಂದೂ ಹೇಳಿದಳು, ಬಳಿಯದಿದ್ದರೆ ಗುಜರಿಗೆ ಹಾಕ್ತಾರೆ ಎಂದೂ ಅತ್ತಳು. ಅವಳು ಅಳುವುದನ್ನು ನೋಡಲಾರದೆ ಮಗಳು ಕಂದು ಬಣ್ಣದ ಡಬ್ಬ ಎತ್ತಿಕೊಂಡು ಕಚೇರಿಗೆ ಹೋದಳು.

ಚಿತ್ರವನ್ನು ಗೋಡೆಯಿಂದಿಳಿಸಿ ಬೆಂಚಿಗೆ ಒರಗಿಸಿಟ್ಟಿದ್ದರು. ಅವಳು ಕುಂಚವನ್ನು ಡಬ್ಬದಲ್ಲಿ ಅದ್ದಿ ಅಂಚಿನವರೆಗೆ ಒಯ್ದಳು. ಊರ ಅರ್ಧ ಅಂಗಡಿಗಳ ಹೆಸರು ಒಂದೇ ಏಟಿಗೆ ಬರೆದ ಕೈ, ಅಲ್ಲೇ ನಿಂತುಹೋಯಿತು. ಕಂದು ಬಣ್ಣ ಕುಂಚದಿಂದ ತೊಟ್ಟಿಕ್ಕಿ ಕಚೇರಿಯ ನೆಲದ ಮೇಲೆ ಬಿತ್ತು.

"ಇದನ್ನ ಮುಚ್ಚಿದರೆ ಬಾಗಿಲೇ ಮುಚ್ಚಿದ ಹಾಗೆ ಸಾರ್," ಎಂದಳು ಗುಮಾಸ್ತರಿಗೆ. "ಅವಳು ಒಳಗೇ ಉಳಿದುಬಿಡ್ತಾಳೆ. ನನ್ನ ಕೈಲಾಗಲ್ಲ."

ಗುಮಾಸ್ತರು ಆ ಮಾತಿಗೆ ಕರಗಿದರೋ ನೆಲದ ಮೇಲಿನ ಕಲೆಗೆ ಗಾಬರಿಯಾದರೋ ಹೇಳಲು ಬಾರದು. ಕುರ್ಚಿ ಎಳೆದು ಕೂತು ನಿಯಮಾವಳಿಯನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಒಂದು ಸಲ ಓದಿಕೊಂಡರು. ಚಿತ್ರವನ್ನು ಮಂತ್ರಿಗಳು ಮೆಚ್ಚಿರುವುದರಿಂದ ಅದನ್ನು ಗುಜರಿಗೆ ಹಾಕುವಂತಿಲ್ಲ. ತಿದ್ದುವುದಾದರೂ ಮಂತ್ರಿಗಳ ಅಪ್ಪಣೆ ಬೇಕು. ಅಪ್ಪಣೆ ಕೇಳಿದರೆ, ದೊಡ್ಡ ಅಧಿಕಾರಿ ಎಂದು ನಿರ್ದೇಶಕರು ಒಪ್ಪಿದ್ದು ಸುಳ್ಳೆಂದು ಬಯಲಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಚಿತ್ರ ತಿದ್ದೋದು ಕಷ್ಟ ಕಣಮ್ಮ," ಎಂದರು. "ನಿಮ್ಮಮ್ಮನ್ನ ತಿದ್ದಬಹುದು."

ಸತ್ತವರಿಗೆ ಬಡ್ತಿ ಕೊಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಚಹಾದಮ್ಮನ ನಡತೆಯ ಬಗ್ಗೆ ಇತ್ತೀಚಿನ ದಿನಗಳಲ್ಲಿ ಯಾವ ದೂರೂ ಇರಲಿಲ್ಲ. ನಿರ್ದೇಶಕರು ಬೆವರೊರೆಸಿಕೊಂಡು ಸಹಿ ಹಾಕಿದರು. ನಾಲ್ಕನೇ ದರ್ಜೆಯಿಂದ ಮೂರಕ್ಕೆ, ಎರಡಕ್ಕೆ, ಒಂದಕ್ಕೆ ಏರಿ, ಆಕೆ ಸಂಜೆಯ ಹೊತ್ತಿಗೆ ಉಪನಿರ್ದೇಶಕಿಯಾದಳು. ನೀಲಿ ಕ್ರಮಬದ್ಧವಾಯಿತು. ಉಪನಿರ್ದೇಶಕರ ಚಿತ್ರ ಮೂಲೆಯಲ್ಲಿರಬಾರದೆಂದು ಅದಕ್ಕೊಂದು ಕೋಣೆ ಕೊಟ್ಟರು. ಕೋಣೆ ಇದ್ದ ಮೇಲೆ ಮೇಜು, ಮೇಜಿದ್ದ ಮೇಲೆ ಕಡತ.

ಕಡತಗಳು ಆ ಮೇಜಿನ ಮೇಲೆ ಬಂದು ಕೂತವು. ನಿಗದಿತ ಅವಧಿಯಲ್ಲಿ ಅಧಿಕಾರಿ ಆಕ್ಷೇಪಣೆ ಎತ್ತದಿದ್ದರೆ ಕಡತ ಮಂಜೂರಾದಂತೆಯೇ ಎಂಬ ನಿಯಮ ಮೊದಲಿನಿಂದಲೂ ಇತ್ತು. ಆಕ್ಷೇಪಣೆ ಎತ್ತದ ಅಧಿಕಾರಿ ಸಿಕ್ಕಿದ್ದು ಇದೇ ಮೊದಲು. ಬೇರೆ ಮೇಜುಗಳ ಮೇಲೆ ಧೂಳು ತಿಂದಿದ್ದ ಅರ್ಜಿಗಳೆಲ್ಲ ಇಲ್ಲಿ ಹೂವೆತ್ತಿದ ಹಾಗೆ ಹಗುರಾಗಿ ಹೊರಬರತೊಡಗಿದವು. ಸಂತೆಯ ವ್ಯಾಪಾರಿಗಳಿಗೆ ಸುದ್ದಿ ಮುಟ್ಟಿತು. ಬೇರೆ ಸಾಹೇಬರ ಹತ್ತಿರ ಹೋಗಬೇಡಿ, ಮೇಡಂ ಹತ್ತಿರವೇ ಹೋಗಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ವರ್ಷಾಂತ್ಯದ ವರದಿಯಲ್ಲಿ ಅತ್ಯಂತ ದಕ್ಷ ಅಧಿಕಾರಿ ಎಂದು ಆಕೆಯ ಹೆಸರೇ ಬಂತು. ವರದಿಗಾಗಿ ಕಚೇರಿ ಆಕೆಯ ಹೆಸರೇನೆಂದು ಮೊದಲ ಬಾರಿಗೆ ವಿಚಾರಿಸಿತು. ಚಿಕ್ಕಮ್ಮ ಹೋಗಿ ಹೇಳಿ ಬಂದಳು. ಬರುವಾಗ, ಅಕ್ಕನ ಮೂಗು ಚಿತ್ರದಲ್ಲಿ ಈಗೀಗ ಚೆನ್ನಾಗಿ ಕಾಣುತ್ತಿದೆ ಎಂದೂ ಸೇರಿಸಿದಳು.

ಇದಾದ ಕೆಲವು ದಿನಗಳಿಗೆ ಬೋರ್ಡಿನವಳು ಎಂದಿನಂತೆ ಅಮ್ಮನನ್ನು ನೋಡಲು ಬಂದಳು. ಬಾಗಿಲಲ್ಲಿದ್ದ ಜವಾನ ಎದ್ದು ನಿಂತು, ಅವಳ ಗುರುತು ಚೆನ್ನಾಗಿದ್ದರೂ, ಯಾರು ಬೇಕಾಗಿತ್ತು ಎಂದು ಕೇಳಿದ. ಹೇಳಿದಳು.

"ಮೇಡಂ ಕಡತ ನೋಡ್ತಾ ಇದ್ದಾರೆ. ಸ್ವಲ್ಪ ಕಾಯಬೇಕಾಗುತ್ತೆ ಅಕ್ಕ."

ಗೋಡೆಗೊರಗಿ ಜನ ಸಾಲಾಗಿ ಕೂತಿದ್ದರು. ಕಲ್ಲಂಗಡಿ ಮಾರುವವನೊಬ್ಬ ಸರಿದು ಜಾಗ ಕೊಟ್ಟ. ನಿಮ್ಮ ಅರ್ಜಿ ಯಾವುದು ಎಂದು ವಿಚಾರಿಸಿದ. ಅರ್ಜಿ ಏನಿಲ್ಲ, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಎಂದಳು ಅವಳು. ಅದು ಅವನಿಗೆ ವಿಚಿತ್ರವೆನಿಸಲಿಲ್ಲ. ತಾನೂ ಹೋದ ತಿಂಗಳೇ ಕೆಲಸ ಆಗಿಹೋದವನು, ಈ ಕಡೆ ಬಂದಾಗ ಒಂದು ಸಲ ಮುಖ ತೋರಿಸಿ ಹೋಗುವುದು ಎಂದ.

"ಒಳ್ಳೇ ಹೆಂಗಸು," ಎಂದ. "ಒಂದು ಮಾತು ಬೈಯಲ್ಲ. ಎಷ್ಟು ಹೊತ್ತು ನಿಂತರೂ ನಮ್ಮನ್ನೇ ನೋಡ್ತಿರ್ತಾರೆ."

ಹೌದು ಎಂದಳು ಮಗಳು. ಮಡಿಲಲ್ಲಿ ಕೈ ಕಟ್ಟಿಕೊಂಡು ತನ್ನ ಸರದಿಗೆ ಕಾಯುತ್ತ ಕೂತಳು.