ಉಪ್ಪು ಹೆಚ್ಚಾದ ಕಡಲಹೂವು

ಉಪ್ಪಿನ ವಿಷಯದಲ್ಲಿ ನನ್ನಷ್ಟು ನಾಜೂಕಿನ ನಾಲಿಗೆ ಶಿರಾ ಪಟ್ಟಣದಲ್ಲಿ ಇನ್ನೊಂದಿರಲಾರದು. ಸಾರು ಒಲೆಯ ಮೇಲೆ ಸ್ವಲ್ಪ ಬತ್ತಿ ಉಪ್ಪು ಮುಂದಾದರೆ ಸಾಕು, ತಟ್ಟೆ ಸರಿಸಿ ಭಾಷಣ ಶುರು ಮಾಡುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಭಾಷಣ ಕೊಂಚ ಉದ್ದವೇ ಆಗುತ್ತದೆ. ಹೆಂಡತಿ ಗೌರಮ್ಮ ಎಲ್ಲ ಕೇಳಿಸಿಕೊಂಡು ಇನ್ನೊಂದು ಸೌಟು ಬಡಿಸುತ್ತಾಳೆ.

ಇಂಥ ಮನೆಗೆ ಒಂದು ಬೇಸಿಗೆಯಲ್ಲಿ ಸಮುದ್ರ ಬಂತು. ಮಂಗಳೂರಿನಲ್ಲಿ ನೌಕರಿಗಿದ್ದ ಗೌರಮ್ಮನ ತಮ್ಮ, ಗಾಜಿನ ಭರಣಿಯ ತುಂಬ ಕಡಲ ನೀರು, ಅದರೊಳಗೆ ಕಲ್ಲಿಗಂಟಿದ ಒಂದು ಕಡಲಹೂವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹೆಸರಿಗೆ ಹೂವು, ನಿಜಕ್ಕೂ ಪ್ರಾಣಿ. ಕಿಟಕಿಯ ಬಳಿ ಇಟ್ಟ ಮೇಲೆ ಅದು ಮೆಲ್ಲಗೆ ಬಾಯಿ ತೆರೆದು ಎಳೆಗಳನ್ನು ಚಾಚಿತು. ಭರಣಿಯಲ್ಲಿ ಅಲೆ ಎಲ್ಲಿಂದ ಬರಬೇಕು? ಆದರೂ ಅವು ಅಲೆಗೆ ತೂಗಿದಂತೆ ತೂಗುತ್ತಿದ್ದವು. ಕೆರೆ ತುಂಬಿದ್ದನ್ನೇ ಸಮುದ್ರವೆಂದುಕೊಂಡು ಬೆಳೆದ ನಾನು ಭರಣಿಗೆ ಮೂಗು ತಾಗಿಸಿ ಕೂತೆ. ನೋಡಲು ಬಂದ ಹೋಟೆಲಿನ ರಹೀಂ ಸಾಬರು ಹಾಲು ಗಟ್ಟಿಯಿದ್ದಷ್ಟೂ ಮೇಲೆ ತೇಲಿ ಅದರ ಗುಣ ತೋರಿಸುವ ಲ್ಯಾಕ್ಟೋಮೀಟರನ್ನು ನೀರಿಗೆ ಇಳಿಬಿಟ್ಟರು. ಗಟ್ಟಿ ಹಾಲಿನ ಗೆರೆಗೇ ನಿಂತಿತು! "ಅರೇ ಮೇಷ್ಟ್ರೇ, ನಮ್ ಹಾಲಿನೋನು ಯಾವತ್ತೂ ಇಲ್ಲೀಗಂಟ ಬಂದಿಲ್ಲ," ಎಂದು ಅವರು ಬೆರಗಾದರು.

ನಮ್ಮ ಬಿಸಿಲಿಗೆ ಭರಣಿಯ ನೀರು ಇಳಿಯತೊಡಗಿತು. ಇಳಿದದ್ದು ಸಮುದ್ರವಲ್ಲವೇ, ಸಮುದ್ರವನ್ನೇ ತುಂಬಬೇಕೆಂದು ನಾನು ದಿನವೂ ಉಪ್ಪು ಕರಗಿಸಿದ ನೀರು ಹೊಯ್ದೆ. ಹೂವು ಮುದುಡಿ ಗೋಲಿಯಂತಾಯಿತು. "ನನ್ ತಮ್ಮ ಅಷ್ಟು ದೂರದಿಂದ ಜ್ವಾಪಾನವಾಗಿ ತಂದ ಜೀವ ಕಣ್ರೀ, ಸಾಯಿಸ್ಬುಡ್ಬ್ಯಾಡಿ," ಎಂದು ಗೌರಮ್ಮ ಕಣ್ಣೊರೆಸಿಕೊಂಡಳು. ನಾನು ಓಡಿಹೋಗಿ ಸಾಬರನ್ನು ಕರೆತಂದೆ. ಈ ಸಲ ಲ್ಯಾಕ್ಟೋಮೀಟರು ಹಾಲಿನ ಗೆರೆಯನ್ನು ನೀರಿನಿಂದ ಎಷ್ಟೋ ಮೇಲಕ್ಕೆತ್ತಿಕೊಂಡು ತೇಲಿತು. ಆಗ ಹೊಳೆಯಿತು: ಬತ್ತುವುದು ನೀರು, ಉಪ್ಪು ಅಲ್ಲೇ ಉಳಿದಿರುತ್ತದೆ. ಸಾರಿನ ಮುಂದೆ ನಾನು ನಿತ್ಯ ಮಾಡುವ ಭಾಷಣವೂ ಇದೇ!

ಚೊಂಬಿನ ತುಂಬ ಸಿಹಿನೀರು ತಂದು ಸುರಿಯಹೊರಟೆ. ಸಾಬರು ಕೈ ಹಿಡಿದುಕೊಂಡರು. "ನಿಧಾನ ಮೇಷ್ಟ್ರೇ! ಒಂದೇ ಸಲ ಸುರುದ್ರೆ ಜೀವ ತಡಿಯಾಕಿಲ್ಲ." ಕೊಂಚ ಉಪ್ಪುನೀರು ತೆಗೆಯುವುದು, ಮಗುವಿಗೆ ಹಾಲು ಕುಡಿಸುವ ಒಳಲೆಯಿಂದ ಅಷ್ಟೇ ಸಿಹಿನೀರು ಬಿಡುವುದು, ಕಾಯುವುದು, ಅಳೆಯುವುದು. ಹೀಗೇ ಕೆಲವು ದಿನ ಕಳೆದವು. ಗೆರೆ ಹಳೆಯ ಜಾಗಕ್ಕೆ ಬಂದ ಬೆಳಿಗ್ಗೆ ಒಂದು ಎಳೆ ಹೊರಗೆ ಬಂತು, ಆಮೇಲೆ ಇನ್ನೊಂದು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ನನಗರಿವಿಲ್ಲದೆ ಕೈ ಮುಗಿದೆ.

ಮಧ್ಯಾಹ್ನ ಸಾರು ಉಪ್ಪಾಗಿತ್ತು. ಭಾಷಣಕ್ಕೆ ಬಾಯಿ ತೆರೆದೆ.

"ಪಾಪ, ಅದುಕ್ಕೆ ಉಪ್ಪು ಹೆಚ್ಚಾದ್ರೆ ಬಾಯಿ ಮುಚ್ಕಂತೈತೆ," ಎಂದಳು ಗೌರಮ್ಮ, ಭರಣಿಯ ಕಡೆ ನೋಡುತ್ತ.

ನಾನು ಬಾಯಿ ಮುಚ್ಚಿಕೊಂಡು ಸಾರಿಗೆ ನೀರು ಬಿಟ್ಟುಕೊಂಡೆ. ನಿಧಾನವಾಗಿ.