ಮಾವನವರ ಮೂಗಿಗೆ ನುಗ್ಗಿದ ಏಣಿ

ಹಾಲಿಗೆ ಹೊಸ ಸೀಲಿಂಗ್ ಹಾಕುತ್ತಿದ್ದ ಕೆಲಸದವರ ಏಣಿ ಜಾರಿ, ಗೋಡೆಗೆ ಒರಗಿಸಿಟ್ಟಿದ್ದ ಮಾವನವರ ತೈಲಚಿತ್ರದ ಮೂಗಿನೊಳಗೆ ನೆಟ್ಟಗೆ ನುಗ್ಗಿತು. ಆ ಹೊತ್ತಿನಲ್ಲಿ ಅಳಿಯಂದಿರಿಗೆ ಆದಷ್ಟು ಸಂತೋಷ ಅವರ ಮದುವೆಯ ದಿನವೂ ಆಗಿರಲಿಲ್ಲ. (ಇದನ್ನು ಅವರು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ನೀವೂ ಬಿಡಬೇಡಿ.)

ಮಾವನವರು ನಿವೃತ್ತ ಲೆಕ್ಕದ ಮೇಷ್ಟ್ರು. ಕೊನೆಯ ಬೆಂಚಿನಲ್ಲಿ ಯಾರೋ ಕಾಪಿ ಹೊಡೆಯುತ್ತಿದ್ದಾರೆ ಅನ್ನುವ ಗುಮಾನಿ ಆ ಚಿತ್ರದ ಕಣ್ಣಲ್ಲಿ ಖಾಯಂ ಆಗಿ ನಿಂತಿತ್ತು. ಹೆಂಡತಿ ತವರಿನಿಂದ ತಂದು ಹಾಲಿನ ನಡುಗೋಡೆಗೆ ಅದನ್ನು ತೂಗುಹಾಕಿದ ಮೇಲೆ ಅಳಿಯಂದಿರು ಸ್ವಂತ ಮನೆಯಲ್ಲಿ ನೆಮ್ಮದಿಯಾಗಿ ಆಕಳಿಸಿದ್ದಿಲ್ಲ. ಸೋಫಾದ ಯಾವ ಮೂಲೆಗೆ ಸರಿದರೂ ಕಣ್ಣು ಅಲ್ಲಿಗೇ ಬರುತ್ತಿತ್ತು. ಪೇಪರ್ ಅಡ್ಡ ಹಿಡಿದರೂ ಪ್ರಯೋಜನವಿರಲಿಲ್ಲ. ಈಗ ಗೋಡೆ ಖಾಲಿ. ಅದನ್ನು ಖಾಲಿಯಾಗಿಯೇ ಉಳಿಸಿಕೊಳ್ಳುವುದು ಅವರ ಜೀವನದ ಪರಮಗುರಿಯಾಯಿತು.

ಹೆಂಡತಿಯ ಗುರಿ ಬೇರೆ ಇತ್ತು.

"ಸಂಜೆ ಕಂಟ್ರಾಕ್ಟರ್ ಬರ್ತಾನೆ. ನೀವು ಮಾಮೂಲಿನ ಹಾಗೆ 'ಪರವಾಗಿಲ್ಲ ಬಿಡಿ' ಅಂದ್ರೋ, ನೋಡಿ ಮತ್ತೆ. ಅಪ್ಪನ ಮೂಗು ಮೊದಲಿನ ಹಾಗೇ ಆಗ್ಬೇಕು. ನಾನು ಅಡುಗೆಮನೇಲಿ ಕೇಳಿಸ್ಕೊಳ್ತಾ ಇರ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಪರಿಸ್ಥಿತಿ. ಕಂಟ್ರಾಕ್ಟರ್ ತಲೆ ತಗ್ಗಿಸಿಕೊಂಡು ಬಂದು ನಿಂತ.

"ಏನ್ರೀ ಇದು? ಇದನ್ನ ಮನೆ ಅಂತ ತಿಳ್ಕೊಂಡಿದ್ದೀರೋ, ಗೋದಾಮು ಅಂತಲೋ?" ಅಡುಗೆಮನೆಗೆ ಮುಟ್ಟುವಂತೆ ಅಳಿಯಂದಿರು ಗುಡುಗಿದರು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ, "ಕೂತ್ಕೊಳ್ಳಿ. ಟೀ ಕುಡೀತೀರಾ?" ಅಂದರು.

"ಸಾರ್, ನೀವು ಬೈತಿದ್ದೀರೋ, ಉಪಚಾರ ಮಾಡ್ತಿದ್ದೀರೋ?"

"ಎರಡೂ. ಚಿತ್ರದ ವಿಷಯ ಮರೆತುಬಿಡಿ. ನಾನು ಕೂಗ್ತೀನಿ, ನೀವು ಸುಮ್ನೆ ತಲೆ ಆಡಿಸಿ. ಅಷ್ಟೇ ಕೆಲಸ."

ಆದರೆ ಗ್ರಹಚಾರ ನೋಡಿ. ಲೋಕದ ಕಂಟ್ರಾಕ್ಟರುಗಳೆಲ್ಲ ಕೆಡಿಸಿದ ಮೇಲೆ ಫೋನ್ ಎತ್ತುವುದಿಲ್ಲ. ಅಳಿಯಂದಿರ ಪಾಲಿಗೆ ಬಂದವನು ಮಾತ್ರ ಸತ್ಯಸಂಧ. ಸಾಲದ್ದಕ್ಕೆ ದೊಡ್ಡ ಗಂಟಲಿನವನು.

"ಹಾಗೆಲ್ಲ ಆಗಲ್ಲ ಸಾರ್. ಹಾಳು ಮಾಡಿದ್ದು ನಾವು, ಸರಿ ಮಾಡೋದೂ ನಾವೇ. ನನ್ನ ಷಡ್ಡಕ ಚಿತ್ರ ಬರೀತಾನೆ. ಒಂದು ಫೋಟೋ ಕೊಡಿ, ಬೇಗ ಬರೆಸಿ ನಾನೇ ತಂದು ತಗುಲಿಸ್ತೀನಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಇನ್ನು ತಡ ಮಾಡಿದರೆ ಗೋಡೆ ಕೈಬಿಟ್ಟು ಹೋಗುತ್ತದೆ. ಅಳಿಯಂದಿರು ಎದ್ದು ನಿಂತರು.

"ಫೋಟೋ ನೋಡಿ ಬರೆಯೋದಾ? ಫೋಟೋದಲ್ಲಿ ಜೀವ ಎಲ್ಲಿರುತ್ತೆ ರೀ? ನಮ್ಮ ಮಾವನವರ ಕಣ್ಣಿನ ಆ ತೇಜಸ್ಸು, ಆ ಗಾಂಭೀರ್ಯ, ಅದು ಎದುರಿಗೆ ಕೂತು ನೋಡಿದವನಿಗೆ ಮಾತ್ರ ಸಿಗೋದು. ಅವಸರದ ಕೆಲಸ ನನಗೆ ಬೇಡವೇ ಬೇಡ. ವರ್ಷವಾದರೂ ಸರಿ, ಸಾಕ್ಷಾತ್ ಅವರೇ ಬಂದು ಕೂತ ಹಾಗೆ ಇರ್ಬೇಕು. ಆಗಲ್ಲ ಅಂದ್ರೆ ಗೋಡೆ ಖಾಲಿ ಇರಲಿ."

ಇಷ್ಟು ಕಷ್ಟದ ಷರತ್ತಿಗೆ ಯಾವನೂ ಒಪ್ಪುವುದಿಲ್ಲ ಅಂತ ಅವರು ಮೀಸೆಯಲ್ಲೇ ನಕ್ಕರು. ಅಷ್ಟರಲ್ಲಿ ಹೆಂಡತಿ ಸೌಟು ಹಿಡಿದುಕೊಂಡೇ ಹಾಲಿಗೆ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಿಮಗೆ ಅಪ್ಪನ್ನ ಕಂಡ್ರೆ ಆಗಲ್ಲ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ರೀ," ಎಂದಳು.

ಅಳಿಯಂದಿರಿಗೆ ಒಂದು ಗಳಿಗೆ ನಾಚಿಕೆಯಾಯಿತು. ಮರುಗಳಿಗೆಗೆ ಅವಳು ಫೋನ್ ಕಿವಿಗಿಟ್ಟು, ಚಿತ್ರಕ್ಕೆ ಎದುರಿಗೆ ಕೂರಲು ಬನ್ನಿ ಅಂತ ಊರಲ್ಲಿದ್ದ ಅಪ್ಪನನ್ನು ಕರೆದದ್ದು ಕೇಳಿ ತಡೆಯಲು ಓಡಿದರು.

"ಅವರಿಗ್ಯಾಕೆ ತೊಂದರೆ? ವಯಸ್ಸಾಗಿದೆ, ಪ್ರಯಾಣ ಅಂದ್ರೆ..."

"ಅಪ್ಪ ಆಗ್ಲೇ ಬಟ್ಟೆ ಜೋಡಿಸ್ಕೊಳ್ತಿದ್ದಾರೆ. ಅಳಿಯಂದಿರು ಇಷ್ಟೊಂದು ಆಸೆ ಪಟ್ಟಿದ್ದಾರೆ ಅಂದೆ, ಅಟ್ಟದಿಂದ ಟ್ರಂಕು ಇಳಿಸಿಬಿಟ್ರು."

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು ಅಂತ ಅಳಿಯಂದಿರು ಹಣೆ ಒತ್ತಿಕೊಂಡರು.

ಸೀಲಿಂಗ್ ಕೆಲಸ ಮುಗಿಯುವ ಹೊತ್ತಿಗೆ ಮಾವನವರು ಎರಡು ಟ್ರಂಕಿನ ಸಮೇತ ದಯಮಾಡಿಸಿದರು. ಬೆಳಕು ಚೆನ್ನಾಗಿ ಬೀಳುವ ಜಾಗವೆಂದು ಕಂಟ್ರಾಕ್ಟರನ ಷಡ್ಡಕ ಅವರನ್ನು ಸೋಫಾದಲ್ಲೇ ಕೂರಿಸಿದ. ಅಳಿಯಂದಿರಿಗೆ ಒಂದು ಮುರುಕು ಸ್ಟೂಲು ಗತಿಯಾಯಿತು. ಚಿತ್ರವಾದರೆ ಬರೀ ನೋಡುತ್ತಿತ್ತು. ಮೂಲಪ್ರತಿಗೆ ಬಾಯಿಯೂ ಇತ್ತು. ಲೈಟು ಯಾಕೆ ಉರಿಯುತ್ತಿದೆ, ಹಾಲು ಯಾಕೆ ಉಕ್ಕಿತು, ಆಫೀಸಿಗೆ ಇಷ್ಟು ಹೊತ್ತಿಗಾ ಹೊರಡುವುದು, ಎಲ್ಲಕ್ಕೂ ಅದು ಸೋಫಾದಿಂದಲೇ ವಿವರಣೆ ಕೇಳುತ್ತಿತ್ತು. ಷಡ್ಡಕನೂ ಅಪ್ಪಣೆ ಪಡೆದವನಂತೆ ನಿಧಾನವಾಗಿಯೇ ಬರೆದ. ಅವನು ಎಡಗಿವಿ ಮುಗಿಸಿ ಬಲಗಿವಿಗೆ ಬರುವಷ್ಟರಲ್ಲಿ ಅಳಿಯಂದಿರು ಇಳಿದುಹೋದರು.

ಅಂತೂ ಒಂದು ದಿನ ಚಿತ್ರ ಮುಗಿಯಿತು. ಮೂಗು ಮೊದಲಿಗಿಂತ ಉದ್ದವಾಗಿ, ಕಣ್ಣು ಇನ್ನೂ ಚುರುಕಾಗಿ ಬಂದಿತ್ತು. ಅಳಿಯಂದಿರು ಅದನ್ನು ಸ್ವತಃ ತಾವೇ ಗೋಡೆಗೆ ತಗುಲಿಸಿ, ಟ್ರಂಕು ಎತ್ತಿಕೊಡಲು ಓಡಿದರು.

ಮಾವನವರು ಸೋಫಾದಿಂದ ಏಳಲಿಲ್ಲ. ಕತ್ತು ಮೇಲೆತ್ತಿ ಏನನ್ನೋ ಅಳೆಯುತ್ತಿದ್ದರು.

"ಅಳಿಯಂದಿರೇ, ಇಷ್ಟು ದಿನ ಮುಖ ಮೇಲೆ ಮಾಡಿ ಕೂತಿದ್ನಲ್ಲ, ಆಗಿಂದ ನೋಡ್ತಾ ಇದ್ದೀನಿ. ನಿಮ್ಮ ಈ ಸೀಲಿಂಗ್ ಎಡಕ್ಕೆ ವಾಲಿದೆ. ಕಂಟ್ರಾಕ್ಟರಿಗೆ ಹೇಳಿದೆ, ಪಾಪ, ಪೂರ್ತಿ ಕಿತ್ತು ಹೊಸದಾಗಿ ಹಾಕ್ತೀನಿ ಅಂದ. ನೀವು ಮೆತ್ತಗಿನ ಮನುಷ್ಯ, ನಿಮ್ಮ ಕೈಲಿ ಮೇಲ್ವಿಚಾರಣೆ ಆಗಲ್ಲ. ಮುಗಿಯೋವರೆಗೂ ನಾನೇ ಇದ್ದು ನೋಡ್ಕೊಳ್ತೀನಿ."