ಏಳು ಜನಕ್ಕೂ ಬಗ್ಗದ ಲಿಫ್ಟಣ್ಣ

ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿ ಸ್ವಾಮಿ. ಒಂದು ಕಾಗದ, ಒಂದು ಪೆನ್ನು, ಒಂದು ಇಡೀ ದಿನ. ಏಳು ಜನ ಒಬ್ಬರಾದ ಮೇಲೊಬ್ಬರು ಬಂದು ತಲೆಕೆಳಗಾಗಿ ನಿಂತರೂ ನಮ್ಮ ಲಿಫ್ಟಣ್ಣನ ಕೈಯಿಂದ ಒಂದು ಸೈನ್ ಹಾಕಿಸಲು ಆಗಲಿಲ್ಲ. ಇಂಥ ಗಂಡೆದೆಯನ್ನು ನೀವು ಸಿನಿಮಾ ಪರದೆಯ ಮೇಲೆ ನೋಡಿರಬಹುದು, ಆಸ್ಪತ್ರೆಯ ಮಂಚದ ಮೇಲೆ ಖಂಡಿತ ನೋಡಿಲ್ಲ.

ಲಿಫ್ಟಣ್ಣ ಆ ಆಸ್ಪತ್ರೆಯಲ್ಲಿ ಲಿಫ್ಟು ನಡೆಸುವವನು. ಹೆಂಡತಿ ಅಲ್ಲೇ ಮೂರನೇ ಮಹಡಿಯಲ್ಲಿ ನರ್ಸು. ಎಲ್ಲಕ್ಕೂ ಮೂಲ ಒಂದು ನೆಗಡಿ.

ಅಂಟಿದರೆ ಹತ್ತರಲ್ಲಿ ನಾಲ್ವರನ್ನು ಹೊತ್ತೊಯ್ಯುವ ಜ್ವರವೊಂದಕ್ಕೆ ಹೊಸ ಔಷಧಿ ಬಂದಿತ್ತು. ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಮೊದಲು ಸಿಬ್ಬಂದಿಗೆ ತರಬೇತಿ. ರೋಗಿಗೆ ಎಲ್ಲ ವಿವರಿಸಿ ಒಪ್ಪಿಗೆ ಕೇಳುವುದು ಕೊನೆಯ ದಿನದ ಪರೀಕ್ಷೆ. ಪಾಸಾದವರು ಮೂರು ವಾರ ಬೀಗ ಹಾಕಿದ ವಾರ್ಡಿನೊಳಗೆ. ರೋಗಿಯ ಪಾತ್ರ ಮಾಡಬೇಕಿದ್ದ ನಾಟಕದವನು ಅವತ್ತು ಬೆಳಿಗ್ಗೆ ನೆಗಡಿ ಎಂದು ಕೈಕೊಟ್ಟ.

"ನಾನ್ ಮಲ್ಕೋತೀನಿ ಬಿಡಿ ಮೇಡಂ," ಎಂದ ಲಿಫ್ಟಣ್ಣ.

ಹೊರಗಿನಿಂದ ಬಂದಿದ್ದ ತರಬೇತಿ ಮೇಡಂಗೆ, ಪಾಪ, ಅವನ ಹೆಂಡತಿಯೂ ಪರೀಕ್ಷೆಗೆ ಬಂದಿದ್ದಾಳೆಂದು ಗೊತ್ತಿರಲಿಲ್ಲ. "ನಿಮಗೆ ತೋಚಿದ ಹಾಗೆ ಮಾತಾಡಿ. ಮನಸ್ಸು ಒಪ್ಪಿದ್ರೆ ಮಾತ್ರ ಸೈನ್ ಹಾಕಿ," ಎಂದರು.

ಲಿಫ್ಟಣ್ಣನ ಉಪಾಯ ಸರಳ. ಸೈನ್ ಇಲ್ಲ ಅಂದರೆ ಪಾಸಿಲ್ಲ. ಪಾಸಿಲ್ಲ ಅಂದರೆ ಹೆಂಡತಿ ಆ ವಾರ್ಡಿಗೆ ಕಾಲಿಡುವುದಿಲ್ಲ. ಬೇಡ ಕಣೇ, ಬೇಡ ಕಣೇ ಎಂದು ವಾರದಿಂದ ಅಂದು ಅಂದು ಅವನ ಗಂಟಲು ಕಟ್ಟಿತ್ತು. "ಕೆಲ್ಸ ನಂದು, ಹೋಗೋದೂ ನಾನು," ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದ್ದಳು. ಈಗ ಅವಳೊಬ್ಬಳಿಗೇ ಇಲ್ಲ ಅಂದರೆ ಬಣ್ಣ ಬಯಲಾಗುತ್ತದೆ. ಹಾಗಾಗಿ ಎಲ್ಲರಿಗೂ ಇಲ್ಲ.

ಮೊದಲು ಬಂದವನು ಎಳೇ ಡಾಕ್ಟರು. ತಲೆಯಿಂದ ಕಾಲಿನವರೆಗೆ, ಮುಖವೂ ಕಾಣದಂತೆ, ಸೋಂಕು ತಡೆಯುವ ಬಿಳಿ ಸೂಟು, ಗಾಳಿ ತುಂಬಿದ ದಿಂಬಿಗೆ ಕಾಲು ಬಂದ ಹಾಗೆ. ಮಾತು ಡಬ್ಬಿಯೊಳಗಿನ ಜೀರುಂಡೆ.

"ಯಾರಿಗೆ ಹೊಸ ಔಷಧಿ ಅನ್ನೋದು ಯಾದೃಚ್ಛಿಕವಾಗಿ ನಿರ್ಧಾರ ಆಗುತ್ತೆ."

"ಯಾದೃಚ್ಛಿಕ ಅಂದ್ರೆ ಯಾರು ಸಾರ್? ಹೊಸ ಡಾಕ್ಟರಾ?"

"ಅಂದ್ರೆ... ಚೀಟಿ ಎತ್ತಿದ ಹಾಗೆ."

"ನನ್ ಪ್ರಾಣ ನಿಮಗೆ ಲಾಟ್ರಿನಾ? ಹಾಕಲ್ಲ ಸಾರ್."

ಡಾಕ್ಟರು ಅರ್ಧ ಗಂಟೆ ಬೇಡಿಕೊಂಡು ಬೆವರಿನಲ್ಲಿ ಈಜುತ್ತಾ ಹೊರಗೆ ಹೋದ. ಎಲ್ಲರೂ ದೊಡ್ಡಕ್ಕ ಎನ್ನುವ ಹಿರಿಯ ನರ್ಸು ಬಂದು ಬೆನ್ನು ಸವರಿದಳು. "ಹಾಕಪ್ಪ ಸುಮ್ನೆ, ನನಗೆ ಬಸ್ ತಪ್ಪುತ್ತೆ."

"ದೊಡ್ಡಕ್ಕ, ಲಿಫ್ಟು ಮೇಲೂ ಹೋಗುತ್ತೆ, ಕೆಳಗೂ ಬರುತ್ತೆ. ನನ್ ಮಾತು ನಿಂತಲ್ಲೇ ನಿಲ್ಲುತ್ತೆ."

ಪರೀಕ್ಷೆಯ ಕೋಣೆಯ ಗಾಜಿನಾಚೆ ನಿಂತಿದ್ದ ವಾಚ್‌ಮನ್ ಇದಕ್ಕೆ ಶಿಳ್ಳೆ ಹೊಡೆದ. ಸುದ್ದಿ ಹಬ್ಬಿ, ಲ್ಯಾಬಿನವರು, ಕಸ ಗುಡಿಸುವವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬ ನಿಜವಾದ ರೋಗಿ, ಎಲ್ಲ ಗಾಜಿಗೆ ಮೂಗು ಒತ್ತಿ ನಿಂತರು. ನಾಲ್ಕನೆಯವನಾಗಿ ಬಂದ ದೊಡ್ಡ ಡಾಕ್ಟರು ಹಲ್ಲು ಕಡಿದ.

"ನಾಳೆ ಲಿಫ್ಟ್ ಹತ್ರ ನಿನ್ನ ನೋಡ್ಕೋತೀನಿ."

"ಮೆಟ್ಟಿಲು ಹತ್ತಿ ಸಾರ್. ಆರೋಗ್ಯಕ್ಕೆ ಒಳ್ಳೇದು."

ಹೀಗೆ ಆರು ವಿಕೆಟ್ ಬಿದ್ದವು. ಏಳನೆಯ ಸೂಟು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ ಭಂಗಿಗೇ ಲಿಫ್ಟಣ್ಣ ಮಂಚದ ಮೇಲೆ ಎದ್ದು ಕೂತ. ಹನ್ನೆರಡು ವರ್ಷದಿಂದ ಅಡುಗೆಮನೆ ಬಾಗಿಲಲ್ಲಿ ನೋಡಿದ ಭಂಗಿ.

ಅವಳು ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು. "ಈ ಔಷಧಿಯಿಂದ ಗುಣ ಆಗ್ಬಹುದು, ಆಗದೇನೂ ಇರಬಹುದು. ವಾಂತಿ ಬರಬಹುದು. ನಮಗೂ ಪೂರ್ತಿ ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋಕೇ ಇದೆಲ್ಲ."

"ಇಂಥ ರೋಗದ ಹತ್ರ ಬರೋಕೆ ನಿಮಗೆ ಭಯ ಆಗಲ್ವಾ?"

"ಆಗುತ್ತೆ. ಅದಕ್ಕೇ ಕಲ್ತ್ಕೊಂಡು ಬಂದಿದ್ದೀನಿ."

ಲಿಫ್ಟಣ್ಣ ಕಾಗದವನ್ನು ಅತ್ತ ತಳ್ಳಿದ. "ಏನೇ ಹೇಳಿ. ನಾನು ಸೈನ್ ಹಾಕಲ್ಲ."

ಈಗ ಬಾಂಬು ಸಿಡಿಯುತ್ತದೆ ಎಂದು ಗಾಜಿನಾಚೆ ಎಲ್ಲರೂ ಉಸಿರು ಬಿಗಿಹಿಡಿದರು. ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಸರಿ. ಬೇಡ ಅಂದ್ರೆ ಬೇಡ, ಅದು ನಿಮ್ಮ ಹಕ್ಕು. ನಿಮ್ಮ ಚಿಕಿತ್ಸೆ ನಿಲ್ಲಲ್ಲ. ನಿಮ್ ಮೇಲೆ ಯಾರೂ ಕೋಪ ಮಾಡ್ಕೊಳ್ಳಲ್ಲ."

ಹನ್ನೆರಡು ವರ್ಷದ ಸಂಸಾರದಲ್ಲಿ ಇಂಥ ಮಾತು ಕೇಳಿರದ ಲಿಫ್ಟಣ್ಣ ಸಂತೋಷಕ್ಕೇ ಸೈನ್ ಹಾಕಿಬಿಡುತ್ತಿದ್ದ. ಹೇಗೋ ತಡೆದುಕೊಂಡ. ಮಂಚದಿಂದ ಧುಮುಕಿ, ಕಾಲರ್ ಎತ್ತಿ, ಗಾಜಿನ ಕಡೆ ತಿರುಗಿ ಕೈ ಮುಗಿದ.

ಮೇಡಂ ಎಲ್ಲರನ್ನೂ ಕರೆದು ಫಲಿತಾಂಶ ಓದಿದರು. "ಆರು ಜನ ಫೇಲು, ಮತ್ತೆ ತರಬೇತಿ. ಏಳನೇ ನಂಬರ್ ಪಾಸು, ಸೋಮವಾರದಿಂದ ವಾರ್ಡಿಗೆ."

"ಅದು ಹೆಂಗೆ ಮೇಡಂ, ನಾನು ಸೈನೇ ಹಾಕಿಲ್ಲ," ಎಂದು ಲಿಫ್ಟಣ್ಣ ಕೂಗಿಕೊಂಡ.

"ಸೈನ್ ಯಾರಿಗೆ ಬೇಕಿತ್ತು? ರೋಗಿ ಬೇಡ ಅಂದಾಗ ಬೆದರಿಸದೆ, ಗೋಗರೆಯದೆ ಬಿಡೋದೇ ಪರೀಕ್ಷೆ. ನೀವು ಅಷ್ಟು ಗಟ್ಟಿಯಾಗಿ ಬೇಡ ಅಂದಿದ್ದಕ್ಕೇ ಅವರು ಪಾಸಾಗಿದ್ದು."

ಹೆಂಡತಿ ಸೂಟಿನ ಟೋಪಿ ಕಳಚಿ ಹಣೆ ಒರೆಸಿಕೊಂಡಳು. "ನೀವೆಲ್ಲಿ ಒಪ್ಕೊಂಡ್ಬಿಡ್ತೀರೋ ಅಂತ ನನಗೆ ಎದೆ ಹೊಡ್ಕೋತಿತ್ತು ರೀ."

ಇನ್ನು ಉಳಿದ ನಿಜವನ್ನೂ ಹೇಳಿಬಿಡುತ್ತೇನೆ. ಸೈನ್ ಹಾಕಲೇ ಇಲ್ಲ ಎಂದು ಲಿಫ್ಟಣ್ಣ ಇವತ್ತಿಗೂ ಎದೆ ತಟ್ಟುತ್ತಾನೆ, ನಾನೂ ಮೊದಲಿಗೆ ನಿಮ್ಮ ಮುಂದೆ ತಟ್ಟಿದೆ. ಆದರೆ ಮನೆಗೆ ಹೊರಡುವಾಗ ಮೇಡಂ ಇನ್ನೊಂದು ಕಾಗದ ಕೊಟ್ಟರು. ವಾರ್ಡಿಗೆ ಹೋಗುವವರ ಮನೆಯವರು, ಅಪಾಯ ನಮಗೆ ಗೊತ್ತು ಎಂದು ಒಪ್ಪುವ ಕಾಗದ. "ಇಷ್ಟ ಇಲ್ದಿದ್ರೆ ಹಾಕ್ಬೇಡಿ," ಎಂದಳು ಹೆಂಡತಿ, ಪೆನ್ನು ಮಾತ್ರ ಅವನ ಕೈಗೇ ಇಟ್ಟು.

ಹಾಕಿದ. ಒಂದೂ ಪ್ರಶ್ನೆ ಕೇಳದೆ ಹಾಕಿದ. ಆಮೇಲೆ ಪೆನ್ನನ್ನು ಕಾಗದ ಹರಿಯುವಷ್ಟು ಒತ್ತಿ ಕೆಳಗೊಂದು ಸಾಲು ಬರೆದ: "ಮೂರು ವಾರಕ್ಕೆ ಸರಿಯಾಗಿ ಇವಳನ್ನು ಇದ್ದ ಹಾಗೇ ವಾಪಸ್ ಕೊಡತಕ್ಕದ್ದು."